ಡಾಕ್ಟರ್ ರಾಜಾ ರಾಮಣ್ಣನವರು

ತುಮಕೂರು ಸೀಮೆಯ ತಿಪಟೂರಿನಲ್ಲಿ 1925ನೆಯ ಇಸವಿಯಲ್ಲಿ ಜನಿಸಿದ ಡಾಕ್ಟರ್ ರಾಜಾ ರಾಮಣ್ಣನವರು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿಯೂ ವ್ಯಾಸಂಗಮಾಡಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಪಿಯಾನೋ ವಾದನದಲ್ಲಿಯೂ ನಿಪುಣರಾಗಿದ್ದರು.

ಯುರೇನಿಯಂ ಪರಮಾಣುವಿನ ಬೀಜವು ಒಡೆಯುವಾಗ ಸಮಪಾಲಾಗದೆ ಒಂದು ತುಂಡು ಹಿರಿದೂ ಒಂದು ಕಿರಿದೂ ಆಗುವುದೇಕೆ? ಅಕ್ಕಪಕ್ಕದ ಮೊರಗಳಲ್ಲಿ ಕೇರುವ ರಾಗಿಯ ಕಾಳುಗಳು ಅತ್ತಿತ್ತ ಸಿಡಿಯುವಂತೆ, ಬೇರ್ಪಡುವ ಮುನ್ನ ಎರಡು ತುಂಡುಗಳೂ ತಮ್ಮ ಕಣಗಳನ್ನು ವಿನಿಮಯ ಮಾಡಿಕೊಳ್ಳುವುವೆಂದು ಭಾವಿಸಿ, ಅವರು ಸಂಗಡಿಗರೊಡನೆ ಗಣಿತದ ಮೂಲಕ ಉತ್ತರವನ್ನು ಅರಸಿದರು.

ಆ ಬೀಜದಲ್ಲಿಯೇ ದೀಪವನ್ನು ಬೆಳಗಿಸುವ ಶಕ್ತಿಯೂ ಊರನ್ನು ಸುಡುವ ಶಕ್ತಿಯೂ ಅಡಗಿರುವುದು. 1974ರ ಪೋಖ್ರಾನ್ ಸ್ಫೋಟದ ಮುಂದಾಳುಗಳೂ ಅವರೇ. 2004ರಲ್ಲಿ ದಿವಂಗತರಾದರು.

ಶಾಗ್ಯದ ಮಾತಾಪಿತೃಗಳೇ, ಹೆಣ್ಣುಮಕ್ಕಳಿಗೂ ಇಂತಹ ವಿದ್ಯೆಯನ್ನು ಕೊಡಿಸಿರಿ. ಅದನ್ನು ಬಳಸುವ ವಿವೇಕವನ್ನು ದೇವರು ಅನುಗ್ರಹಿಸಲೆಂದು ನಾವು ಪ್ರಾರ್ಥಿಸುವೆವು.