ಪಹಣಿಯ ಗಣಕದ ಹಿಂದಿನ ಗಣಿತಜ್ಞ: ಎಡ್ಗರ್ ಕಾಡ್

ಬೀದರ್, ಭಾಲ್ಕಿ, ಔರಾದ್ ತಾಲೂಕುಗಳಲ್ಲಿ ಹಿಂದೆ ರೈತನಿಗೆ ಪಹಣಿ ಬೇಕಾದರೆ ಗ್ರಾಮ ಲೆಕ್ಕಿಗರ ದಫ್ತರ ಬಿಚ್ಚುವವರೆಗೆ ಕಾಯಬೇಕಿತ್ತು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಆ ಬಳಿಕ ಸರ್ವೆ ನಂಬರು ಹೇಳಿ 15 ರೂಪಾಯಿ ಕೊಟ್ಟವನಿಗೆ ತಾಲೂಕು ಕಚೇರಿಯಲ್ಲೇ ಪ್ರತಿ ದೊರೆಯತೊಡಗಿತು. ಮಾಹಿತಿ ಎಲ್ಲಿ, ಹೇಗೆ ಅಡಗಿದೆಯೆಂದು ಅರಿಯದೆಯೇ ತಂತ್ರಾಂಶವು ಅದನ್ನು ಕೇಳಿ ಪಡೆಯಬಲ್ಲದೆಂಬ ವಿಚಾರವನ್ನು ಜಗತ್ತಿಗೆ ಕೊಟ್ಟವರು ಎಡ್ಗರ್ ಫ್ರಾಂಕ್ ಕಾಡ್.

ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ದ್ವೀಪದಲ್ಲಿ 1923ರ ಆಗಸ್ಟ್ 19ರಂದು ಏಳು ಮಕ್ಕಳಲ್ಲಿ ಕಿರಿಯವರಾಗಿ ಜನಿಸಿದ ಕಾಡ್, ಆಕ್ಸ್‌ಫರ್ಡ್‌ನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿದರು. ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯ ವಿಮಾನ ಚಾಲಕರಾಗಿದ್ದರು. 1948ರಲ್ಲಿ ಅಮೆರಿಕಕ್ಕೆ ತೆರಳಿ ಐಬಿಎಂ ಸಂಸ್ಥೆ ಸೇರಿದರು. ಸೆನೆಟರ್ ಮೆಕಾರ್ಥಿಯ ಕಿರುಕುಳದ ರಾಜಕಾರಣಕ್ಕೆ ಬೇಸತ್ತು 1953ರಲ್ಲಿ ಕೆನಡಾಕ್ಕೆ ಹೋದವರು, ಕೆಲವು ವರ್ಷಗಳ ನಂತರ ಹಿಂದಿರುಗಿದರು. ಡಾಕ್ಟರೇಟ್ ಪಡೆದದ್ದು ನಲವತ್ತು ದಾಟಿದ ಮೇಲೆ, 1965ರಲ್ಲಿ.

ಆ ಕಾಲದ ದತ್ತಸಂಚಯಗಳು ಮರದ ಕೊಂಬೆಗಳಂತೆ ಕವಲೊಡೆದಿದ್ದವು. ಯಾವ ಕೊಂಬೆ ಹಿಡಿದು ಎತ್ತ ಇಳಿಯಬೇಕೆಂಬ ದಾರಿಯನ್ನೆಲ್ಲ ಪ್ರೋಗ್ರಾಂ ಬರೆಯುವವನೇ ತಿಳಿದಿರಬೇಕಿತ್ತು. ಒಳಗಿನ ಜೋಡಣೆ ಬದಲಾದರೆ ಪ್ರೋಗ್ರಾಂ ಕೆಡುತ್ತಿತ್ತು. ಕಪಾಟು ಸರಿಸಿದೊಡನೆ ಗುಮಾಸ್ತನಿಗೆ ಕಡತ ಸಿಗದಂತಾದ ಹಾಗೆ. 1970ರ ಜೂನ್‌ನಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಕಾಡ್ ಈ ಕಟ್ಟನ್ನು ಬಿಡಿಸಿದರು. ಎಲ್ಲ ಮಾಹಿತಿಯೂ ಸಾಲು-ಕಂಬಗಳ ಕೋಷ್ಟಕದಲ್ಲಿರಲಿ. ಕೇಳುವವನು ಏನು ಬೇಕೆಂದಷ್ಟೇ ಹೇಳಲಿ. ಹುಡುಕುವ ಹೊಣೆ ಗಣಕಕ್ಕಿರಲಿ ಎಂಬುದು ಅದರ ಸಾರ.

ಅದನ್ನು ಮೊದಲು ತಡೆದದ್ದು ಅವರ ಸಂಸ್ಥೆಯೇ. ಹಳೆಯ ಮಾದರಿಯ ಐಎಂಎಸ್ ಐಬಿಎಂಗೆ ಕೈತುಂಬ ಆದಾಯ ತರುತ್ತಿತ್ತು. ಕಾಡ್ ಸುಮ್ಮನಾಗಲಿಲ್ಲ. 1974ರಲ್ಲಿ ಎದುರು ಪಕ್ಷದ ಚಾರ್ಲ್ಸ್ ಬ್ಯಾಕ್‌ಮನ್ ಅವರೊಡನೆ ಬಹಿರಂಗ ಚರ್ಚೆಗಿಳಿದರು. ಐಬಿಎಂ ಪ್ರಯೋಗಾಲಯದಲ್ಲೇ ಚೇಂಬರ್ಲಿನ್ ಮತ್ತು ಬಾಯ್ಸ್ ಪ್ರಶ್ನಿಸುವ ಭಾಷೆಯೊಂದನ್ನು ರೂಪಿಸಿದರು. ಅದೇ ಇಂದಿನ ಎಸ್‌ಕ್ಯೂಎಲ್. ಆದರೆ ಮಾರುಕಟ್ಟೆಯಲ್ಲಿ ಮುಂದಾದದ್ದು 1979ರಲ್ಲಿ ಬಂದ ಒರೇಕಲ್. ಐಬಿಎಂ 1981ರಲ್ಲಷ್ಟೇ ಎಚ್ಚೆತ್ತಿತು. ಅದೇ ವರ್ಷ ಕಾಡ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಅವರ ವಿಚಾರದ ಫಲವನ್ನು ಬೀದರಿನ ಗುರುನಾನಕ್ ದೇವ್ ಕಾಲೇಜಿನಲ್ಲೋ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ವಿದ್ಯಾಲಯದಲ್ಲೋ ಕಲಿಯುವ ಎಂಜಿನಿಯರಿಂಗ್ ವಿದ್ಯಾರ್ಥಿ ಪ್ರತಿದಿನ ಉಣ್ಣುತ್ತಾನೆ. ತಂತ್ರಾಂಶ ರಚಿಸುವ ಸಾಧನದಲ್ಲಿ ದತ್ತಸಂಚಯಕ್ಕೆ ಸಂಪರ್ಕ ಕಲ್ಪಿಸುವಾಗ ಅವನು ತುಂಬುವುದು ಕೆಲವೇ ಖಾನೆಗಳನ್ನು: ಸರ್ವರಿನ ಹೆಸರು, ಪೋರ್ಟ್ ಸಂಖ್ಯೆ, ದತ್ತಸಂಚಯದ ಹೆಸರು, ಬಳಕೆದಾರನ ಹೆಸರು, ಗುಪ್ತಪದ. ಪೋರ್ಟ್ ಸಾಮಾನ್ಯವಾಗಿ ಮೈಎಸ್‌ಕ್ಯೂಎಲ್‌ಗೆ 3306, ಒರೇಕಲ್‌ಗೆ 1521, ಎಸ್‌ಕ್ಯೂಎಲ್ ಸರ್ವರ್‌ಗೆ 1433. ನಡುವೆ ದುಭಾಷಿಯಂತೆ ನಿಲ್ಲುವುದು ಡ್ರೈವರ್. ಇದಕ್ಕೆ 1992ರಲ್ಲಿ ಒಡಿಬಿಸಿ, 1997ರಲ್ಲಿ ಜಾವಾದ ಜೆಡಿಬಿಸಿ ಒಂದು ಕ್ರಮ ತಂದವು. ಖಾನೆಯಲ್ಲಿ ಒಂದಕ್ಷರ ತಪ್ಪಿದರೂ ಸಂಪರ್ಕ ದೊರೆಯದು. ದೊರೆತ ಮೇಲೆ ಮಾತ್ರ ಒಳಗಿನ ಕಪಾಟುಗಳ ಗೊಡವೆ ಅವನಿಗಿಲ್ಲ. ಇಷ್ಟೇನಾ ಎನಿಸಬಹುದು, ಆ ಇಷ್ಟಕ್ಕಾಗಿಯೇ ಕಾಡ್ ಒಂದು ದಶಕ ಹೋರಾಡಿದ್ದರು.

ಗೆದ್ದ ಮೇಲೂ ಅವರಿಗೆ ತೃಪ್ತಿಯಿರಲಿಲ್ಲ. ಎಸ್‌ಕ್ಯೂಎಲ್ ತಮ್ಮ ಗಣಿತದಿಂದ ದೂರ ಸರಿದಿದೆ, ಒಂದೇ ಸಾಲು ಎರಡೆರಡು ಬಾರಿ ಬರಲು ಎಡೆಗೊಟ್ಟಿದೆ ಎಂಬುದು ಅವರ ಆಕ್ಷೇಪವಾಗಿತ್ತು. ಹೆಸರಿಗಷ್ಟೇ ಈ ಮಾದರಿಯವೆಂದು ಮಾರಾಟವಾಗುತ್ತಿದ್ದ ತಂತ್ರಾಂಶಗಳನ್ನು ಜರಡಿ ಹಿಡಿಯಲು 1985ರಲ್ಲಿ ಹನ್ನೆರಡು ನಿಯಮಗಳೆಂದೇ ಹೆಸರಾದ ನಿಯಮಗಳನ್ನು ಪ್ರಕಟಿಸಿದರು. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಅವು ವಾಸ್ತವವಾಗಿ ಹದಿಮೂರು! 2003ರ ಏಪ್ರಿಲ್ 18ರಂದು ಫ್ಲೋರಿಡಾದಲ್ಲಿ ಹೃದಯ ವೈಫಲ್ಯದಿಂದ ನಿಧನರಾದಾಗ ಅವರಿಗೆ 79 ವರ್ಷ. ಮರುವರ್ಷ ದತ್ತಸಂಚಯ ಕ್ಷೇತ್ರದ ಪ್ರಮುಖ ಸಂಶೋಧನಾ ಪ್ರಶಸ್ತಿಗೆ ಅವರ ಹೆಸರಿಡಲಾಯಿತು.