ಮಿನುಗುತಾರೆ ಕಲ್ಪನಾ: ಬೆಳ್ಳಿತೆರೆಯಿಂದ ನಾಟಕದ ಡೇರೆಗೆ

ಕಲ್ಪನಾ ಅವರ ಹುಟ್ಟುಹೆಸರು ಶರತ್ ಲತಾ. 1943ರ ಜುಲೈ 18ರಂದು ದಕ್ಷಿಣ ಕನ್ನಡದ ತುಳು ಮನೆಮಾತಿನ ಕುಟುಂಬದಲ್ಲಿ ಜನಿಸಿದ ಅವರು, ಬಿ.ಆರ್. ಪಂತುಲು ನಿರ್ದೇಶನದ ‘ಸಾಕು ಮಗಳು’ (1963) ಚಿತ್ರದ ಮೂಲಕ ತೆರೆಗೆ ಬಂದರು. ಆದರೆ ನಾಡಿನ ಕಣ್ಣು ಅವರ ಮೇಲೆ ನೆಟ್ಟಿದ್ದು 1967ರಲ್ಲಿ, ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ ಬಂದಾಗ. ಆಸ್ತಿಗಾಗಿ ತನ್ನನ್ನು ಒಪ್ಪಿ, ಅದು ಕೈತಪ್ಪಿದೊಡನೆ ದೂರ ಸರಿದ ಗಂಡನ್ನು, ಅವನು ಮತ್ತೆ ಬಂದಾಗ ತಾನೇ ನಿರಾಕರಿಸುವ ಇಂದಿರೆ ಕನ್ನಡ ಚಿತ್ರರಂಗಕ್ಕೆ ಹೊಸಬಳಾಗಿದ್ದಳು.

ಅಂದಿನಿಂದ ಅವರದು ಮನೆಮಾತಾದ ಹೆಸರು. ‘ವಿಜಯಚಿತ್ರ’ದಂಥ ಸಿನಿಮಾ ಪತ್ರಿಕೆಗಳಲ್ಲಿ ಹೆಣ್ಣುಮಕ್ಕಳು ಮೊದಲು ನೋಡುತ್ತಿದ್ದುದು ಅವರ ಭಾವಚಿತ್ರವನ್ನು: ಸೀರೆಯ ಅಂಚು, ರವಿಕೆಯ ತೋಳು, ಬೆರಳಿನ ಉಂಗುರ. ವಿಮರ್ಶೆ ಓದುವುದು ಆಮೇಲೆ. ಚಿತ್ರ ತಮ್ಮೂರಿನ ಟೂರಿಂಗ್ ಟಾಕೀಸಿಗೆ ಬರುವ ವೇಳೆಗೆ ಸಣ್ಣ ಊರುಗಳ ಅಭಿಮಾನಿಗಳಿಗೆ ಕಥೆಯೂ ಉಡುಪೂ ಬಾಯಿಪಾಠವಾಗಿರುತ್ತಿದ್ದವು. ಉಡುಪಿನ ಮಾತು ಹೆಚ್ಚಾಗಿ, ನಟನೆಯ ಮಾತು ಕಡಿಮೆಯಾಯಿತೆಂಬುದೂ ನಿಜವೇ.

ಅಂಥ ಊರುಗಳ ಸಾಲಿನಲ್ಲಿ ಅಂದು ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೂ ಇದ್ದವು. ಈಗ ಇವು ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಈ ಸೀಮೆಗೂ ಕಲ್ಪನಾ ಅವರ ಅತ್ಯುತ್ತಮ ಪಾತ್ರಕ್ಕೂ ಇರುವ ನಂಟನ್ನು ಸಿನಿಮಾ ಪುಟಗಳು ಗಮನಿಸಿದ್ದು ಕಡಿಮೆ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನಾಧರಿಸಿ ಪುಟ್ಟಣ್ಣ ತೆಗೆದ ‘ಗೆಜ್ಜೆಪೂಜೆ’ 1969ರ ಶ್ರೇಷ್ಠ ಕನ್ನಡ ಚಿತ್ರವೆಂದೂ, ಅತ್ಯುತ್ತಮ ಚಿತ್ರಕಥೆಗಾಗಿಯೂ ರಾಷ್ಟ್ರಪ್ರಶಸ್ತಿ ಪಡೆಯಿತು. ವೇಶ್ಯಾವೃತ್ತಿಯ ಮನೆಯಲ್ಲಿ ಹುಟ್ಟಿ, ಓದಿ, ಮದುವೆಯಾಗಿ ಗೃಹಿಣಿಯಾಗಬೇಕೆಂದು ಹಂಬಲಿಸುವ ಚಂದ್ರಾ ಕಡೆಗೆ ಗೆಜ್ಜೆಪೂಜೆಗೆ ತಲೆಬಾಗಿ ಪ್ರಾಣ ನೀಗುತ್ತಾಳೆ. ಬೆಂಗಳೂರಿನ ಪ್ರೇಕ್ಷಕರಿಗೆ ಇದು ಕಣ್ಣೀರಿನ ಕಥೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಾದರೋ ಭರತ ಹುಣ್ಣಿಮೆಯಂದು ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ ಜೀವಂತವಾಗಿತ್ತು. ಸುತ್ತಲ ತಾಲ್ಲೂಕುಗಳ ಬಡ ದಲಿತ ಮನೆಗಳಲ್ಲಿ ಚಂದ್ರಾಳ ವಯಸ್ಸಿನ ದೇವದಾಸಿಯರು ಇದ್ದರು. ಆಚಾರ ಬೇರೆ, ಜಾತಿ ಬೇರೆ, ಆಗದೆಂದು ಹೇಳುವ ಹಕ್ಕು ಇಲ್ಲದಿದ್ದುದು ಮಾತ್ರ ಒಂದೇ.

‘ಶರಪಂಜರ’ (1971) ಅವರನ್ನು ಕೀರ್ತಿಯ ತುದಿಗೇರಿಸಿತು. ಬಾಣಂತಿತನದ ಮಾನಸಿಕ ಕಾಯಿಲೆಯಿಂದ ಗುಣವಾಗಿ ಬಂದರೂ ಮನೆಯವರ ಸಂಶಯದಿಂದ ಪಾರಾಗದ ಕಾವೇರಿಯನ್ನು ಕಂಡವರು ಮರೆತಿಲ್ಲ. ‘ಗಂಧದ ಗುಡಿ’, ‘ಎರಡು ಕನಸು’, ‘ಬಯಲು ದಾರಿ’ ಬಂದವು. ಈ ನಡುವೆ ಪುಟ್ಟಣ್ಣನವರೊಂದಿಗಿನ ನಂಟು ಹರಿಯಿತು, ಅದರ ಕಾರಣಗಳ ಬಗ್ಗೆ ಬರೆದದ್ದು ಅಗತ್ಯಕ್ಕಿಂತ ಹೆಚ್ಚೇ ಇದೆ. ಅವಕಾಶಗಳು ಇಳಿದವು, ಪತ್ರಿಕೆಗಳ ಮುಖಪುಟಕ್ಕೆ ಬೇರೆ ಮುಖಗಳು ಬಂದವು.

ಕೊನೆಯಲ್ಲಿ ಅವರು ಹಿಡಿದದ್ದು ವೃತ್ತಿ ರಂಗಭೂಮಿಯ ದಾರಿ. ಗುಡಗೇರಿ ಬಸವರಾಜರ ನಾಟಕ ಕಂಪನಿಯೊಂದಿಗೆ ಉತ್ತರ ಕರ್ನಾಟಕದಲ್ಲಿ ಸಂಚರಿಸಿದರು. ಕೊಟ್ಟೂರಿನ ತೇರು, ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಂಥ ನೆರವಿಗೆ ಡೇರೆ ಹಾಕಿ ಬದುಕುವ ಲೋಕವದು. ಅಲ್ಲಿ ಕ್ಯಾಮೆರಾ ಇಲ್ಲ, ಎರಡನೆಯ ಟೇಕ್ ಇಲ್ಲ. ಪತ್ರಿಕೆಯ ಬಣ್ಣದ ಪುಟದಲ್ಲಿ ಮಾತ್ರ ಕಂಡಿದ್ದ ತಾರೆಯನ್ನು ಜನ ಹತ್ತಿರದಿಂದ ನೋಡಿದರು. ಆಗ ಆಕೆ ದಣಿದಿದ್ದರು.

1979ರ ಮೇ 12ರಂದು ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಬಳಿಯ ಗೋಟೂರಿನ ಪ್ರವಾಸಿ ಮಂದಿರದಲ್ಲಿ ಕಲ್ಪನಾ ಮೃತರಾದರು. ವಯಸ್ಸು 35. ಆತ್ಮಹತ್ಯೆಯೆಂಬುದೇ ಬಹುಜನರ ನಂಬಿಕೆ, ವದಂತಿಗಳು ಇನ್ನೂ ನಿಂತಿಲ್ಲ. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದನ್ನು ನಿಷೇಧಿಸುವ ರಾಜ್ಯದ ಕಾಯ್ದೆ ರೂಪುಗೊಂಡದ್ದು 1982ರಲ್ಲಿ, ಚಂದ್ರಾ ತೆರೆಯ ಮೇಲೆ ಸತ್ತು 13 ವರ್ಷಗಳ ನಂತರ.