ದಿವಂಗತ ಶ್ರೀ ಡಿ. ದೇವರಾಜ ಅರಸು ಮತ್ತು ರಾಜ್ಯದ ವಸತಿ ನೀತಿ

ವಸತಿ ಯೋಜನೆಗಳಡಿ ಮನೆಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರಿಂದ ಮೊದಲು ಕೇಳಲಾಗುವ ದಾಖಲೆ ನಿವೇಶನದ ಹಕ್ಕುಪತ್ರ. ಮನೆಗಿಂತ ಮೊದಲು ನಿವೇಶನದ ಹಕ್ಕು ಏಕೆ ಮುಖ್ಯವೆಂಬುದನ್ನು ತಿಳಿಯಲು ಮಾಜಿ ಮುಖ್ಯಮಂತ್ರಿ ದಿವಂಗತ ಶ್ರೀ ಡಿ. ದೇವರಾಜ ಅರಸು ಅವರ ಜೀವನ ಸಹಾಯಕವಾಗಿದೆ.

ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಶ್ರೀಯುತರು 1915ರ ಆಗಸ್ಟ್ 20ರಂದು ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದ ನಂತರ ಸರ್ಕಾರಿ ನೌಕರಿಯನ್ನು ಅರಸದೆ ಸ್ವಗ್ರಾಮಕ್ಕೆ ಮರಳಿ ವ್ಯವಸಾಯದಲ್ಲಿ ತೊಡಗಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ, 1952ರಲ್ಲಿ ಹುಣಸೂರು ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. 1972ರ ಮಾರ್ಚ್ 20ರಂದು ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡರು.

ಭೂರಹಿತ ಗ್ರಾಮೀಣ ಕಾರ್ಮಿಕರಿಗೆ ನಿವೇಶನ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರವು 1971ರಲ್ಲಿ ಆರಂಭಿಸಿತ್ತು. ಆದರೆ ಭೂಮಿಯು ಸಂವಿಧಾನದ ರಾಜ್ಯ ಪಟ್ಟಿಗೆ ಸೇರಿದ ವಿಷಯ. ಜಮೀನನ್ನು ಗುರುತಿಸಿ ಹಂಚುವ ಹೊಣೆ ರಾಜ್ಯದ್ದೇ ಆಗಿತ್ತು. 1974ರಲ್ಲಿ ಆರಂಭವಾದ ಐದನೇ ಪಂಚವಾರ್ಷಿಕ ಯೋಜನೆಯಲ್ಲಿ ಈ ಕಾರ್ಯಕ್ರಮವೇ ರಾಜ್ಯ ವಲಯಕ್ಕೆ ವರ್ಗಾವಣೆಗೊಂಡಿತು.

ಶ್ರೀ ಅರಸು ಅವರ ಸರ್ಕಾರವು ಈ ಹೊಣೆಯನ್ನು ಕಾನೂನಿನ ಮೂಲಕ ನಿರ್ವಹಿಸಿತು. ಮನೆಯಿಲ್ಲದವರಿಗೆ ನಿವೇಶನ ನೀಡಲು ಜಮೀನು ಸ್ವಾಧೀನಪಡಿಸಿಕೊಳ್ಳುವ ಸಲುವಾಗಿ 1972ರಲ್ಲಿಯೇ ಪ್ರತ್ಯೇಕ ಅಧಿನಿಯಮವನ್ನು ರೂಪಿಸಲಾಯಿತು. ನಗರಗಳ ಬಡವರಿಗಾಗಿ 1973ರ ಕೊಳಚೆ ಪ್ರದೇಶಗಳ (ಅಭಿವೃದ್ಧಿ ಮತ್ತು ನಿರ್ಮೂಲನ) ಅಧಿನಿಯಮ ಹಾಗೂ ಅದರಡಿ 1975ರಲ್ಲಿ ಮಂಡಳಿಯು ರಚನೆಯಾದವು. ಬಡವರಿಗೆ ಜನತಾ ಮನೆಗಳನ್ನು ನಿರ್ಮಿಸಿಕೊಡುವ ಕಾರ್ಯವೂ ನಡೆಯಿತು.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿದಾರರಿಗೆ ಒಡೆತನ ನೀಡಿತು. ಆದರೆ ಗೇಣಿ ಜಮೀನೂ ಇಲ್ಲದ ಕೂಲಿಕಾರನು ಮಾಲೀಕನ ನೆಲದಲ್ಲಿ ಗುಡಿಸಲು ಕಟ್ಟಿಕೊಂಡಿದ್ದರೆ, ಕೂಲಿ ಹೆಚ್ಚು ಕೇಳಿದ ದಿನವೇ ಸೂರು ಕಳೆದುಕೊಳ್ಳುವ ಭಯವಿತ್ತು. ಇದನ್ನು ಮನಗಂಡು 1978ರ ತಿದ್ದುಪಡಿಯಲ್ಲಿ, ಕೃಷಿ ಕಾರ್ಮಿಕನು ಬೇರೆಯವರ ಜಮೀನಿನಲ್ಲಿ ವಾಸಿಸುತ್ತಿರುವ ಮನೆಗೆ ಹಾಗೂ ಅದರ ನಿವೇಶನಕ್ಕೆ ಅವನೇ ಒಡೆಯನಾಗಿ ನೋಂದಣಿ ಪಡೆಯಲು ಅವಕಾಶ ಕಲ್ಪಿಸಲಾಯಿತು.

ಆದರೂ ಎಲ್ಲರಿಗೂ ಫಲ ದೊರೆಯಲಿಲ್ಲ. ಗೇಣಿ ಹಕ್ಕಿಗಾಗಿ ನಮೂನೆ 7ರಲ್ಲಿ ಅರ್ಜಿ ಸಲ್ಲಿಸಲು 1979ರ ಜೂನ್ 30 ಕೊನೆಯ ದಿನವಾಗಿತ್ತು. ಜಮೀನುದಾರರಿಗೆ ಅಂಜಿ, ಇಲ್ಲವೇ ಮಾಹಿತಿಯಿಲ್ಲದೆ ಅರ್ಜಿ ಸಲ್ಲಿಸದ ಅನೇಕರು ಹಕ್ಕಿನಿಂದ ವಂಚಿತರಾದರು.

ಶ್ರೀ ಅರಸು ಅವರು 1980ರ ಜನವರಿಯಲ್ಲಿ ಅಧಿಕಾರದಿಂದ ನಿರ್ಗಮಿಸಿ, 1982ರ ಜೂನ್ 6ರಂದು ನಿಧನರಾದರು. ನಂತರ 1993ರ ಪಂಚಾಯತ್ ರಾಜ್ ಅಧಿನಿಯಮದೊಂದಿಗೆ ಫಲಾನುಭವಿಗಳ ಆಯ್ಕೆಯಲ್ಲಿ ಗ್ರಾಮಸಭೆಗೆ ಪಾತ್ರ ದೊರೆಯಿತು. ವಿಕಲಚೇತನರು, ವಿಧವೆಯರು, ಕುಷ್ಠರೋಗದಿಂದ ಗುಣಮುಖರಾದವರು ಮುಂತಾದ ವಿಶೇಷ ವರ್ಗದವರ ವಸತಿ ಯೋಜನೆಗೆ ಶ್ರೀಯುತರ ಹೆಸರನ್ನಿಡಲಾಯಿತು.

ಕಾನೂನು ಹಕ್ಕನ್ನು ನೀಡಬಲ್ಲದು; ಅದನ್ನು ಕಾಲಮಿತಿಯೊಳಗೆ ಕೇಳಿ ಪಡೆಯುವುದು ಅರ್ಹರ ಕೈಯಲ್ಲಿದೆ. ಆದ್ದರಿಂದ ಅರ್ಜಿದಾರರು ಗ್ರಾಮಸಭೆಗೆ ತಪ್ಪದೆ ಹಾಜರಾಗಿ, ನಿಗದಿತ ದಿನಾಂಕದೊಳಗೆ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಲು ಹಾಗೂ ಹಕ್ಕುಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಲು ಕೋರಲಾಗಿದೆ.